ಹಂದಿ ರೂಪಾಯಿಯ ಬೇಸಿಗೆ

ನಾಣ್ಯವೆಂಬುದು ರಾಜನಿಗೂ ಪ್ರಜೆಗೂ ನಡುವೆ ಇರುವ ನಂಬಿಕೆಯ ಮುದ್ರೆ. ರಾಜನನ್ನು ಎಂದೂ ಕಾಣದ ಬಡವನ ಅಂಗೈ ಮೇಲೂ ಅವನ ಮುಖ ಇರುತ್ತದೆ. ಇದಕ್ಕಿಂತ ಘನವಾದ ಸಂಬಂಧವನ್ನು ಮನುಷ್ಯಜಾತಿ ಇನ್ನೂ ಕಂಡುಹಿಡಿದಿಲ್ಲ. ನಾನು ಬಲ್ಲ ಚಿತ್ರದುರ್ಗದ ಸಂತೆಪೇಟೆಯಲ್ಲಿ ಆ ಮುಖವನ್ನು ಜನ ಎಲೆಅಡಿಕೆಯ ಜೊತೆ ದವಡೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಕೊಡಬೇಕಾದಾಗ ಉಗುಳಿ, ಪಂಚೆಗೆ ಒರೆಸಿ ಕೊಡುತ್ತಿದ್ದರು. ಕೆಲವರು ಒರೆಸುತ್ತಲೂ ಇರಲಿಲ್ಲ.

ಹೋದ ವಾರ ನಮ್ಮ ಬೀದಿಯ ಬೇವಿನ ಮರದ ಕೆಳಗೆ ಕಲಾಯಿಯವನೊಬ್ಬ ಬಂದು ಗುಂಡಿ ತೋಡಿ, ತಿದಿ ಹೂಡಿ, ಕಾದ ಹಂಡೆಗೆ ನವಸಾಗರದ ಪುಡಿ ಉದುರಿಸಿದ. ಆ ಬಿಳಿ ಹೊಗೆ ಮೂಗಿನೊಳಗೆ ಸೂಜಿಯಂತೆ ಏರಿತು. ಕಲಾಯಿಯ ಹೊಗೆಯಲ್ಲಿ ಅಸಹ್ಯಪಡುವಂಥದ್ದು ಏನೂ ಇಲ್ಲ. ಅದು ಶುಚಿಯಾದ, ಖಾರವಾದ ವಾಸನೆ. ಆದರೂ ನಾನು ಬೆಳಗಿನ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡೆ. ಹೊಸ ಚಕ್ರವರ್ತಿಗಳ ರೂಪಾಯಿ ನಮ್ಮ ಸೀಮೆಗೆ ಬಂದ ಆ ಒಂದು ಬೇಸಿಗೆ ನೆನಪಾಗಿತ್ತು.

ನಾನಾಗ ಚಿಕ್ಕಪ್ಪ ಗುರುಶಾಂತಪ್ಪನವರ ಜವಳಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದೆ. ಮೀಸೆ ಬಂದಿತ್ತು, ಮದುವೆಯಾಗಿರಲಿಲ್ಲ, ಇಂಗ್ಲಿಷ್ ಅಂಕಿ ಓದಲು ಬರುತ್ತಿತ್ತು. ಈ ಅರ್ಹತೆಗಳ ಮೇಲೆ ಊರಿನ ಕೊಳಕನ್ನೆಲ್ಲ ಕೈನೀಡಿ ಸ್ವೀಕರಿಸುವ ಅಧಿಕಾರ ನನಗೆ ಪ್ರಾಪ್ತವಾಗಿತ್ತು. ಅದು ಹತ್ತಿಯ ಸುಗ್ಗಿ. ಬೆಳಗಾದರೆ ಹತ್ತಿ ಗಾಡಿಗಳು ಸಾಲುಗಟ್ಟುತ್ತಿದ್ದವು. ಗಾಳಿಯಲ್ಲಿ ಹತ್ತಿಯ ಎಳೆ ತೇಲಿ ಬೆವರಿದ ಕತ್ತಿಗೆ ಅಂಟಿಕೊಳ್ಳುತ್ತಿತ್ತು. ಬೆಟ್ಟದ ಬಂಡೆಗಳು ಹಗಲೆಲ್ಲ ಕಾದು, ಸಂಜೆಯ ಹೊತ್ತಿಗೆ ಆ ಕಾವನ್ನು ಊರಿನ ಮೇಲೆ ರೋಗಿಯ ಉಸಿರಿನಂತೆ ಬಿಡುತ್ತಿದ್ದವು. ಹತ್ತಿ ಮಾರಿದ ರೈತರು ನಮ್ಮಲ್ಲಿಗೆ ಬಟ್ಟೆಗೆ ಬರುವರು. ಸೊಂಟದ ಚೀಲದಿಂದ ಹೊರಬಂದ ಅವರ ರೂಪಾಯಿ ಬಿಸಿಯಾಗಿ, ಜಿಗುಟಾಗಿ, ಇನ್ನೂ ಜೀವವಿರುವಂತೆ ಇರುತ್ತಿತ್ತು. ಧರ್ಮಪುರದ ಕಡೆಯಿಂದ ಕಡಲೆಕಾಯಿ ಮಾರಲು ಬಂದ ಒಬ್ಬಾಕೆ ಸೀರೆ ಆರಿಸಿಕೊಂಡು, ತೆಲುಗು ಬೆರೆತ ಕನ್ನಡದಲ್ಲಿ ಚೌಕಾಸಿ ಮುಗಿಸಿ, ಕೆನ್ನೆಯ ಒಳಗಿಂದ ಪಾವಲಿಗಳನ್ನು ಒಂದೊಂದಾಗಿ ತೆಗೆದು ನನ್ನ ಅಂಗೈಗಿಟ್ಟಳು. ಅಷ್ಟೂ ಹೊತ್ತು ಆಕೆ ಮಾತಾಡಿದ್ದು ಅವುಗಳ ಸುತ್ತಲೇ ಎಂದು ಆಗ ತಿಳಿಯಿತು. ಊಟಕ್ಕೆ ಕೂತರೆ ಮುದ್ದೆ ಮುರಿಯುವ ನನ್ನ ಬೆರಳೇ ಕಿಲುಬಿನ ನಾತ ಹೊಡೆಯುತ್ತಿತ್ತು.

ಹೊಸ ರೂಪಾಯಿ ಬಂದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅಲ್ಲಿಯವರೆಗೆ ರಾಣಿ ರೂಪಾಯಿ, ಆಮೇಲೆ ಬೋಳುತಲೆ ರಾಜರ ರೂಪಾಯಿ. ಈಗ ಕಿರೀಟ, ಗಡ್ಡ, ಎದೆ ತುಂಬ ಹಾರ ಪದಕ ಇರುವ ಹೊಸ ರಾಜರು. ಯಾರ ಬಾಯಿಗೂ ಇನ್ನೂ ಹೋಗಿರಲಿಲ್ಲ. ಚಿಕ್ಕಪ್ಪನವರು ಹತ್ತಿ ವ್ಯಾಪಾರದ ಸಲುಗೆಯಿಂದ ಖಜಾನೆಯಲ್ಲಿ ಒಂದು ಚೀಲ ಹೊಸ ರೂಪಾಯಿಯನ್ನೇ ಕೇಳಿ ತಂದಿದ್ದರು.

ಅದನ್ನು ಕೇಳಿ ಮೊದಲು ಬಂದವರು ಕಲಾಯಿ ಹುಸೇನ್ ಸಾಬರು. ಊರಿನ ಪಾತ್ರೆಗಳಿಗೆಲ್ಲ ಅವರ ಕೈಯದೇ ಕಲಾಯಿ. ಅವರ ಮಗ ದಸ್ತಗೀರನಿಗೆ ಹಿರಿಯೂರಿನಲ್ಲಿ, ಹೆದ್ದಾರಿಯ ಪಕ್ಕ ಎತ್ತುಗಳಿಗೆ ಲಾಳ ಕಟ್ಟುವವರ ಮನೆಯ ಹುಡುಗಿ ಗೊತ್ತಾಗಿತ್ತು. ನಿಕಾದ ದಿನ ಹುಡುಗಿಗೆ ಕೊಡುವ ಮೆಹರನ್ನು ಬಹಳ ಮಂದಿ ಬಾಯಿಮಾತಿನಲ್ಲಿ ಮುಂದಕ್ಕೆ ಹಾಕುತ್ತಿದ್ದ ಕಾಲದಲ್ಲಿ, ಸಾಬರು ಪೂರ್ತಿ ಮೊತ್ತವನ್ನು ಅಲ್ಲೇ ಎಣಿಸಿ ಕೊಡುವುದಾಗಿ ನಾಲ್ಕು ಜನರ ಮುಂದೆ ಒಪ್ಪಿದ್ದರು. ಅದಕ್ಕಾಗಿ ಕೂಡಿಟ್ಟ ರಾಣಿ ರೂಪಾಯಿಗಳು ಒಲೆಯ ಮಸಿ ಕುಡಿದು ಕಪ್ಪಾಗಿದ್ದವು. ಕರೀ ದುಡ್ಡು ಕೊಟ್ಟು ಸೊಸೆ ತಂದರೆ ಕಲಾಯಿ ಸಾಬಿಗೆ ಮರ್ಯಾದೆ ಏನು ಉಳಿಯಿತು ಎಂದು ನಗುತ್ತಾ, ಅಷ್ಟನ್ನೂ ಸುರಿದು, ಅಷ್ಟೇ ಹೊಸ ರೂಪಾಯಿ ಎಣಿಸಿಕೊಂಡು ಹೋದರು. ಚಿಕ್ಕಪ್ಪನವರು ಅದಕ್ಕೆ ಬಟ್ಟಾ ಎಂದು ಒಂದು ಕಾಸೂ ಮುರಿದುಕೊಳ್ಳಲಿಲ್ಲ. ಅವರ ಪರವಾಗಿ ಬರೆಯಬಹುದಾದ ಸಂಗತಿ ಈ ಇಡೀ ವೃತ್ತಾಂತದಲ್ಲಿ ಇದೊಂದೇ ಆದ್ದರಿಂದ ಮರೆಯದೆ ಬರೆದಿದ್ದೇನೆ.

ಅದಾದ ಕೆಲವು ದಿನಕ್ಕೆ ಹೊಳಲ್ಕೆರೆ ಸ್ಟೇಷನ್ನಿನಲ್ಲಿ ರೈಲಿಳಿದು, ಎತ್ತಿನ ಗಾಡಿಯಲ್ಲಿ ಧೂಳು ತಿನ್ನುತ್ತಾ ಒಬ್ಬ ರಾಯರು ಊರಿಗೆ ಬಂದರು. ಉದ್ದ ಕೋಟು, ಜೇಬಿನಲ್ಲಿ ಭೂತಗನ್ನಡಿ. ಬೆಂಗಳೂರು ದಂಡಿನ ಯಾವನೋ ಬಿಳಿ ದೊರೆಗೆ ಅಚ್ಚು ಕೆಟ್ಟ ನಾಣ್ಯ ಕೂಡಿಡುವ ಹುಚ್ಚು. ಇವರು ಆತನ ಏಜೆಂಟರು. ಛತ್ರದ ಜಗಲಿಯ ಮೇಲೆ ಕೂತು ಅವರು ಪಾಠ ಹೇಳಿದರು. ಅಚ್ಚು ಜಾರಿ ರಾಜರ ಮುಖ ಅಂಚಿಗೆ ಸರಿದಿರಬೇಕು. ಇಲ್ಲವೇ ಎರಡು ಸಲ ಏಟು ಬಿದ್ದು ಎರಡು ಮೂಗು ಮೂಡಿರಬೇಕು. ಎಲ್ಲಕ್ಕಿಂತ ಮೇಲು, ಒಂದು ಬದಿಯಲ್ಲಿ ಮುಖ ಉಬ್ಬಾಗಿ ಇನ್ನೊಂದು ಬದಿಯಲ್ಲಿ ಅದೇ ಮುಖ ತಗ್ಗಾಗಿ ಒತ್ತಿಕೊಂಡಿದ್ದು. ಟಂಕಸಾಲೆಯಲ್ಲಿ ಆದ ತಪ್ಪಿಗೆ ಮಾತ್ರ ಬೆಲೆ, ಊರಲ್ಲಿ ಆದ ತಪ್ಪಿಗೆ ಇಲ್ಲ ಎಂದು ಅವರು ಒತ್ತಿ ಹೇಳಿದರು. ಮಾರನೆಯ ದಿನವೇ ಕಮ್ಮಾರರ ಬೀದಿಯಲ್ಲಿ ಕಾಸಿನ ಮೇಲೆ ಸುತ್ತಿಗೆಯ ಸದ್ದು ಕೇಳತೊಡಗಿತು.

ರಾಯರು ನಾಣ್ಯಕ್ಕೆ ನಾಲಿಗೆ ತಾಗಿಸಿ, ಹೆಬ್ಬೆರಳಿನಿಂದ ತಿಕ್ಕಿ, ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದರು. ಈ ಶಾಸ್ತ್ರದಲ್ಲಿ ನಮ್ಮ ಊರು ನಾಲಿಗೆಯ ಭಾಗವನ್ನು ಮೊದಲು ಕಲಿತಿತು. ಚಿಲ್ಲರೆ ಕೊಟ್ಟರೆ ಸಾಕು, ಗಿರಾಕಿ ಅಂಗಡಿಯ ಮೆಟ್ಟಿಲ ಮೇಲೇ ನಿಂತು ಒಂದೊಂದನ್ನೂ ನೆಕ್ಕಿ, ಬಿಸಿಲಿಗೆ ಹಿಡಿದು, ನಿರಾಶನಾಗಿ ಅದನ್ನೇ ನನಗೆ ವಾಪಸು ಕೊಟ್ಟು ಬೇರೆ ಕೇಳುವನು. ಮಾನ್ಯರಾದವರು ದೇವಸ್ಥಾನದ ಮಂಗಳಾರತಿ ತಟ್ಟೆಯಲ್ಲಿ ಭಕ್ತಿಯಿಂದ ಕೈಯಾಡಿಸಿ, ಒಂದು ಕಾಸು ಹಾಕಿ ಇನ್ನೊಂದು ಎತ್ತಿಕೊಂಡರು. ಮದಕರಿಪುರದ ಒಬ್ಬ ಗೃಹಸ್ಥ, ವಯಸ್ಸಾದವನು, ರಾಯರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದ: ತನ್ನ ತಂದೆ ತೀರಿದಾಗ ಹಣೆಗೆ ಅಂಟಿಸಿ ಜೊತೆಗೇ ಹೂತ ಕಾಸಿನಲ್ಲಿ ರಾಣಿಯ ಮುಖ ಒಂದು ಪಕ್ಕಕ್ಕೆ ಸರಿದಂತೆ ನೆನಪು, ಅಂಥದ್ದಕ್ಕೆ ಏನು ಸಿಗಬಹುದು. ರಾಯರು ನೋಡದೆ ಹೇಳಲಾಗುವುದಿಲ್ಲ ಎಂದರು. ಗೃಹಸ್ಥ ಯೋಚನೆ ಮಾಡುತ್ತಾ ಹೊರಟ. ಆಮೇಲೆ ಆತ ಏನು ಮಾಡಿದ ಎಂದು ನಾನು ವಿಚಾರಿಸಲಿಲ್ಲ. ಆ ಊರಿನ ಸ್ಮಶಾನದ ಹಾದಿಯಲ್ಲಿ ಕೆಲವು ತಿಂಗಳು ಓಡಾಡಲೂ ಇಲ್ಲ.

ಇಷ್ಟರಲ್ಲಿ ಉತ್ತರದ ಕಡೆಯಿಂದ ಸುದ್ದಿ ಬಂತು: ಹೊಸ ರೂಪಾಯಿಯಲ್ಲಿ ಹಂದಿ ಇದೆ. ರಾಜರ ಎದೆಯ ಹಾರದ ಪದಕವೊಂದರಲ್ಲಿ ಸಾಸಿವೆಯಷ್ಟು ದೊಡ್ಡ ಆನೆಯನ್ನು ಕೆತ್ತಿದ್ದರು. ಕೆತ್ತಿದ ಪುಣ್ಯಾತ್ಮ ಸೊಂಡಿಲನ್ನೂ ಕಾಲನ್ನೂ ಗಿಡ್ಡ ಮಾಡಿದ್ದ. ಭೂತಗನ್ನಡಿಯ ಮುಂದೆ ಊರು ಸಾಲು ನಿಂತಿತು. ಶಾಲೆಯ ಹೆಡ್‌ಮೇಷ್ಟರು ನೋಡಿ, ಇದು ಆನೆಯೇ ಎಂದು ತೀರ್ಪು ಕೊಟ್ಟರು.

"ಸೊಂಡ್ಲು ಎಲ್ಲೈತೆ ತೋರ್ಸಿ ಮೇಷ್ಟ್ರೆ" ಎಂದ ಎಣ್ಣೆ ಗಾಣದವನು.

"ಐತಪ್ಪ, ಜಾಗ ಸಾಲ್ದೆ ಮುದುರ್ಕಂಡೈತೆ."

"ನಮ್ಮ ಹಿತ್ಲಾಗೆ ಬರ್ತವಲ್ಲ, ಅವೂ ಹಂಗಾದ್ರೆ ಮುದುರ್ಕಂಡಿರೋ ಆನೆನೇ ಬಿಡ್ರಿ."

ಆನೆಯ ಪಕ್ಷ ಅಲ್ಲಿಗೆ ಸೋತಿತು. ಸಾವಿರದ ಒಂಬೈನೂರ ಹನ್ನೊಂದನೇ ಇಸವಿಯ ರೂಪಾಯಿಗಳಲ್ಲಿ ಮಾತ್ರ ಈ ಪ್ರಾಣಿ ಇರುವುದು, ಹಿಂಬದಿಯಲ್ಲಿ ಕೊರೆದ ಇಸವಿ ಓದಿದರೆ ಸಾಕು ಎಂದು ನಾನು ಹೇಳಿ ನೋಡಿದೆ. ಯಾರಿಗೂ ಬೇಡವಾಯಿತು. ಅಂಕಿಯಲ್ಲಿ ಹೇಸಿಗೆಪಡುವುದಕ್ಕೆ ಏನಿದೆ? ಜನರಿಗೆ ಹಂದಿಯೇ ಕಾಣಬೇಕಿತ್ತು. ಒಂದು ವಾರದೊಳಗೆ ಬೋಳುತಲೆ ರಾಜರ ಕಿವಿಯಲ್ಲೂ, ರಾಣಿಯ ಸೆರಗಿನಲ್ಲೂ ಮರಿಗಳು ಕಾಣಿಸಿಕೊಂಡವು.

ಊರಿನ ಮುಸಲ್ಮಾನರಿಗೆ ಇದು ತಮಾಷೆಯಾಗಿರಲಿಲ್ಲ. ದುಡ್ಡನ್ನು ನಮಾಜಿನ ಬಟ್ಟೆಯ ಜೇಬಿನಲ್ಲಿ ಇಟ್ಟಿದ್ದವರು, ಮಕ್ಕಳ ಕೊರಳಿಗೆ ಕಟ್ಟಿದ್ದವರು ನಿಜವಾಗಿ ಸಂಕಟಪಟ್ಟರು. ಖಜಾನೆಗೆ ಹೋದರೆ ಗುಮಾಸ್ತರು ಮೇಲಿನಿಂದ ಹುಕುಂ ಬಂದಿಲ್ಲ ಎಂದು ಅಟ್ಟಿದರು. ಆಗ ನಮ್ಮ ಚಿಕ್ಕಪ್ಪನವರಿಗೆ ಧರ್ಮ ನೆನಪಾಯಿತು.

ಅವರು ಮೊದಲು ಮಾಡಿದ ಕೆಲಸ ರಾಯರನ್ನು ಛತ್ರದಿಂದ ಎಬ್ಬಿಸಿ ನಮ್ಮ ಗೋದಾಮಿನ ಮಹಡಿಗೆ ತಂದು ಇಳಿಸಿದ್ದು. ಹಂದಿ ರೂಪಾಯಿಯನ್ನು ಸರಕಾರ ಹಿಂದಕ್ಕೆ ತೆಗೆದುಕೊಂಡು ಕರಗಿಸುವುದು ಖಂಡಿತ, ಆಮೇಲೆ ಅದು ದುರ್ಲಭ, ಆದ್ದರಿಂದ ದೊರೆ ಒಂದಕ್ಕೆ ಎರಡು ರೂಪಾಯಿ ಕೊಡುತ್ತಾನೆ ಎಂಬುದನ್ನು ರಾಯರು ಹೋಳಿಗೆ ಊಟದ ಮೇಲೆ ಅವರಿಗೊಬ್ಬರಿಗೇ ಹೇಳಿದರು. ಬಡಿಸುತ್ತಿದ್ದ ನಾನು ಲೆಕ್ಕಕ್ಕಿರಲಿಲ್ಲ. ಎರಡನೆಯ ಕೆಲಸ, ಅಂಗಡಿಯ ಕಟ್ಟೆಯ ಮೇಲೆ ನಿಂತು ದಿನವೂ ಮಾಡಿದ ಉಪದೇಶ. ಹಂದಿ ಮುಸಲ್ಮಾನರಿಗೆ ಮಾತ್ರ ಹೇಸಿಗೆಯೇ? ಲಿಂಗ ಕಟ್ಟಿದವರು ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಆ ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆಯೇ? ಮಠಕ್ಕೆ ಅದನ್ನು ಕಾಣಿಕೆ ಕೊಡುವ ಕೈ ಯಾವುದು? ಹೀಗೆ ಎರಡೂ ಮತದವರನ್ನು ಸಮನಾಗಿ ಹೆದರಿಸಿ, ಊರಿನ ಪಾಪವನ್ನು ತಾವೊಬ್ಬರೇ ಹೊರಲು ಸಿದ್ಧ, ರೂಪಾಯಿಗೆ ಹದಿನಾಲ್ಕಾಣೆ ಕೊಡುತ್ತೇವೆ, ಉಳಿದ ಎರಡಾಣೆ ಪ್ರಾಯಶ್ಚಿತ್ತದ ಖರ್ಚಿಗೆ ಎಂದು ಮುಗಿಸುವರು. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ಪೇಟೆಯ ಉಳಿದ ಸಾಹುಕಾರರೂ ಅದೇ ದರ ಹಿಡಿದರು. ಒಳಬಾಗಿಲ ಹಿಂದೆ ಹೂ ಕಟ್ಟುತ್ತಾ ಕೂತ ಚಿಕ್ಕಮ್ಮ ನೀಲವ್ವನವರು ದಿನವೂ ಅಷ್ಟನ್ನೂ ಕೇಳಿ, ಇಂಥ ಗಂಡ ಸಿಕ್ಕಿದ್ದಕ್ಕೆ ದೇವರಿಗೆ ಕೈಮುಗಿಯುತ್ತಿದ್ದರು. ಹೊರಗೆ ಕೂತ ನಾನು ಉಪದೇಶ ಮುಗಿದ ಮೇಲೆ ನೀರು ಕುಡಿಯುತ್ತಿದ್ದೆ, ಬಾಯಿಯ ರುಚಿ ಹೋಗಲೆಂದು.

ಹುಸೇನ್ ಸಾಬರು ಬಂದದ್ದು ಮಧ್ಯಾಹ್ನದ ಉರಿಬಿಸಿಲಿನಲ್ಲಿ. ಕೆಂಡ ಎತ್ತುವ ಇಕ್ಕಳದ ತುದಿಯಲ್ಲಿ ಒಂದು ಬಟ್ಟೆಯ ಗಂಟನ್ನು ಮೈಯಿಂದ ದೂರ ಹಿಡಿದಿದ್ದರು. ಹಿರಿಯೂರಿನ ಬೀಗರು ಗಾಡಿಯವನ ಕೈಲಿ ಹೇಳಿ ಕಳಿಸಿದ್ದರಂತೆ: ಆ ದುಡ್ಡು ನಮ್ಮ ಹೊಸಿಲು ದಾಟುವಂತಿಲ್ಲ, ಬರುವ ಶುಕ್ರವಾರ ಪೂರ್ತಿ ಮೆಹರನ್ನು ರಾಣಿ ರೂಪಾಯಿಯಲ್ಲಿ ತಂದರೆ ನಿಕಾ, ಇಲ್ಲದಿದ್ದರೆ ಹುಡುಗಿಗೆ ಬಳ್ಳಾರಿ ಕಡೆಯ ಗಂಡು ಕಾದಿದ್ದಾನೆ.

"ನೀವು ಕೊಟ್ಟಿದ್ದು ನಿಮ್ಗೇ ತಂದೀನಿ ಸಾವ್ಕಾರ್ರೆ. ನನ್ನ ಕರೀ ದುಡ್ಡು ನನಗೆ ಕೊಟ್ಬಿಡ್ರಿ" ಎಂದರು ಸಾಬರು.

"ಕುಂತ್ಕಳ್ರಿ ಸಾಬ್ರೆ. ಗಂಟು ಮಾತ್ರ ಮೆಟ್ಲ ಕೆಳಗಿಡ್ರಿ. ಒಳಗೆ ದೇವ್ರ ಜಗಲಿ ಐತೆ."

"ಅವತ್ತು ನೀವೇ ಕೈಯಾರೆ ಎಣಿಸಿ ಕೊಟ್ರಲ್ಲ?"

"ಅವತ್ತು ಅದು ಆನೆ ಆಗಿತ್ತು" ಎಂದರು ಚಿಕ್ಕಪ್ಪನವರು, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ. "ಈಗ ಹದಿನಾಲ್ಕಾಣೆ. ನೀವು ಅಂತ ತಗಂತೀನಿ."

ಸಾಬರ ರಾಣಿ ರೂಪಾಯಿಗಳು ಇನ್ನೂ ನನ್ನ ಪಕ್ಕದ ಪೆಟ್ಟಿಗೆಯಲ್ಲೇ ಇದ್ದವು. ಆ ಮಸಿಯನ್ನು ಬೇರೆ ಯಾವ ದುಡ್ಡಿನಲ್ಲೂ ನಾನು ಕಂಡಿರಲಿಲ್ಲ. ಚಿಕ್ಕಪ್ಪ, ಅವು ಇಲ್ಲೇ ಅವೆ, ಹಂಗೇ ಬದಲು ಕೊಟ್ಟರಾಯಿತಲ್ಲ ಎಂದೆ. "ಲೇ, ನೀನು ಬಟ್ಟೆ ಅಳೆ" ಎಂದರು.

ಸಾಬರು ಬೇಡಿಕೊಳ್ಳಲಿಲ್ಲ. ಶುಕ್ರವಾರಕ್ಕೆ ದಿನ ಇರಲಿಲ್ಲ, ಪೇಟೆಯಲ್ಲಿ ಬೇರೆ ದರವೂ ಇರಲಿಲ್ಲ. ಹದಿನಾಲ್ಕಾಣೆಯ ಲೆಕ್ಕದಲ್ಲಿ ತಮ್ಮದೇ ಕರೀ ರೂಪಾಯಿಗಳನ್ನು ವಾಪಸು ಪಡೆದು, ಅವನ್ನು ರುಮಾಲಿನಲ್ಲಿ ಕಟ್ಟಿಕೊಂಡರು. ಎಂಟರಲ್ಲಿ ಒಂದು ಪಾಲು ಕಡಿಮೆ ಬಿತ್ತು. ಅಷ್ಟು ಕಡಿಮೆಯಾದರೂ ಹಿರಿಯೂರಿನವರು ಒಪ್ಪುವವರಲ್ಲ. ಎದ್ದು ನಿಂತು ಹೇಳಿದರು: "ನಾನು ಪಾತ್ರೆಗೆ ಹಾಕ್ತೀನಿ ಸಾವ್ಕಾರ್ರೆ ಕಲಾಯಿ. ನೀವು ಮಾತಿಗೆ ಹಾಕ್ತೀರಿ. ನಿಮ್ದೇ ಚಲೋ ಹೊಳೀತದೆ."

ಅವರು ಬೀದಿಯ ತಿರುವು ದಾಟುವವರೆಗೂ ಚಿಕ್ಕಪ್ಪನವರು ಗಂಭೀರವಾಗಿ ಕೂತಿದ್ದರು. ಆಮೇಲೆ ಇಳಿದು ಹೋಗಿ, ಯಾವ ಇಕ್ಕಳವೂ ಇಲ್ಲದೆ, ಬರಿಗೈಯಲ್ಲಿ ಗಂಟನ್ನು ಬಾಚಿ, ಬಿಚ್ಚಿ, ಒಂದು ರೂಪಾಯಿಯನ್ನು ನಾಲಿಗೆಗೆ ತಾಗಿಸಿ, ತಿಕ್ಕಿ, ಬಿಸಿಲಿಗೆ ಹಿಡಿದು ಪ್ರಾಣಿಯನ್ನು ಗುರುತಿಸಿ ಮುಗುಳ್ನಕ್ಕರು. ನಾನು ಹಿತ್ತಲಿಗೆ ಹೋಗಿ ಬಂದೆ. ಹಂದಿಯ ವಿಷಯದಲ್ಲಿ ನನಗೆ ಅಷ್ಟೇನೂ ಮಡಿವಂತಿಕೆ ಇರಲಿಲ್ಲ. ವಾಂತಿಗೆ ಕಾರಣ ಬೇರೆ ಇತ್ತು.

ಕೊಂಡ ರೂಪಾಯಿಗಳನ್ನೆಲ್ಲ ಅವರು ಒಂದು ತಾಮ್ರದ ಚೆಂಬಿನಲ್ಲಿ ತುಂಬಿ, ಕಳ್ಳರು ಕೈ ಹಾಕಲು ಹೆದರುವ ಒಂದೇ ಜಾಗವಾದ ದೇವರ ಜಗಲಿಯ ಕೆಳಗೆ ಇಟ್ಟರು. ಇನ್ನಷ್ಟು ಪಾಪ ಹೊರುವುದಕ್ಕಾಗಿ ರಾಯರನ್ನು ಕರೆದುಕೊಂಡು ಹೊಳಲ್ಕೆರೆ, ಬಿ.ದುರ್ಗ, ಹೊಸದುರ್ಗದ ಕಡೆಗೆ ಗಾಡಿ ಹೂಡಿಸಿದರು.

ಯುಗಾದಿ ಹತ್ತಿರ ಬಂದಿತ್ತು. ವರ್ಷವೂ ಆ ಹೊತ್ತಿಗೆ ಚಿಕ್ಕಮ್ಮ ಮನೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವರು. ಹುಸೇನ್ ಸಾಬರು ಹೇಳಿದ ದಿನ ತಪ್ಪದೆ ಬಂದು ಹಿತ್ತಲಲ್ಲಿ ಒಲೆ ಹೂಡಿದರು. ಮುಖ ಮೂರು ದಿನ ಉಂಡಿಲ್ಲದವರ ಹಾಗಿತ್ತು, ಆದರೆ ಕೆಲಸಕ್ಕೆ ಬಂದಿದ್ದರು. ಚಿಕ್ಕಮ್ಮ ಹಂಡೆ, ಕೊಳಗ, ಬೋಗುಣಿ ಎಲ್ಲ ಹೊರಗೆ ಹಾಕಿಸಿ, ದೇವರ ಚೆಂಬನ್ನೂ ತೆಗೆಯೋಣವೆಂದು ಜಗಲಿಯ ಕೆಳಗೆ ಕೈಯಿಟ್ಟರು. ಚೆಂಬು ಮೇಲೇಳದಷ್ಟು ಭಾರವಾಗಿತ್ತು.

ಅವರು ನನ್ನನ್ನು ಕರೆದರು. ಒಂದು ರೂಪಾಯಿ ತೋರಿಸಿ ಕೇಳಿದರು: "ಇವು ಅವೇ ಏನೋ?"

ಹೌದೆಂದೆ.

ಅವರು ಜಗಲಿಗೆ ಕೈಮುಗಿದು ಆ ರೂಪಾಯಿಯನ್ನು ಚೆಂಬಿಗೆ ಹಾಕಿದರು. ಗಂಡ ಊರಿಗೆಲ್ಲ ಹೇಳಿದ ಮಾತನ್ನು ಮನೆಯಲ್ಲಿ ನಿಜವೆಂದು ನಂಬಿದ ಜೀವ ಅವರೊಬ್ಬರೇ. ನಮ್ಮ ಮನೆಯಲ್ಲಿ ಮೈಲಿಗೆಯಾದ ಪಾತ್ರೆಯನ್ನು ಬಿಸಾಡುವ ಪದ್ಧತಿ ಇರಲಿಲ್ಲ. ನಾಯಿ ಮೂತಿ ಇಟ್ಟರೂ, ಯಾರದೋ ಮದುವೆಗೆ ಎರವಲು ಹೋಗಿ ಏನೋ ಅಡುಗೆ ಬೆಂದು ಬಂದರೂ, ಬೆಂಕಿಗೆ ಹಿಡಿದು ಕಲಾಯಿ ಹಾಕಿಸಿದರೆ ಪಾತ್ರೆಗೆ ಹೊಸ ಜನ್ಮ. ಚಿಕ್ಕಮ್ಮ ಚೆಂಬನ್ನು ನನ್ನ ಕೈಲಿ ಹೊರಿಸಿ ಹಿತ್ತಲಿಗೆ ತಂದರು.

"ಹುಸೇನಣ್ಣ, ಇವಕ್ಕೂ ಕಲಾಯಿ ಹಾಕು."

ಸಾಬರು ಚೆಂಬಿನೊಳಗೆ ನೋಡಿ ಹಿಂದಕ್ಕೆ ಸರಿದರು. "ರೂಪಾಯಿಗಾ ಅಮ್ಮಾರೆ?"

"ರೂಪಾಯಿ ಆದ್ರೇನು, ಹಂಡೆ ಆದ್ರೇನು. ಹಂದಿ ಮುಚ್ಚಬೇಕು, ಅಷ್ಟೆ. ಎರಡು ಕಡೆಗೂ ಹಾಕು. ಒಂದೊಂದಕ್ಕೆ ಎರಡಾಣೆ ಕೂಲಿ ಕೊಡ್ತೀನಿ."

ಆಗ ದೊಡ್ಡ ಹಂಡೆಗೂ ಅಷ್ಟು ಕೂಲಿ ಇರಲಿಲ್ಲ. ಸಾಬರು ಚಿಕ್ಕಮ್ಮನ ಮುಖವನ್ನೇ ನೋಡಿದರು. ಒಳಬಾಗಿಲ ಹಿಂದೆ ಕೂತವರಿಗೆ ಉಪದೇಶ ಮಾತ್ರ ಕೇಳಿಸುತ್ತದೆ, ಸಾಬರಿಗೆ ಹೇಳಿದ ಹದಿನಾಲ್ಕಾಣೆ ಕೇಳಿಸುವುದಿಲ್ಲ ಎಂದು ಚಿಕ್ಕಪ್ಪನವರು ಯಾಕೆ ಭಾವಿಸಿದ್ದರೋ.

"ಯಜಮಾನ್ರು ಬೈದ್ರೆ?" ಎಂದರು ಸಾಬರು.

"ಯಾಕೆ ಬೈತಾರೆ? ಅವ್ರಿಗೆ ಹಂದಿ ಕಂಡ್ರೆ ಎಷ್ಟು ಹೇಸಿಗೆ ಅಂತ ಊರಿಗೇ ಗೊತ್ತೈತೆ."

ತಿದಿ ಉಸಿರೆಳೆಯಿತು. ಸಾಬರು ಇಕ್ಕಳದಲ್ಲಿ ಒಂದೊಂದು ರೂಪಾಯಿಯನ್ನೂ ಹಿಡಿದು ಕೆಂಡದ ಮೇಲೆ ಕಾಯಿಸಿ, ನವಸಾಗರ ಚಿಮುಕಿಸಿ, ತವರ ತಾಗಿಸಿ, ಹತ್ತಿಯಿಂದ ಸವರಿ, ನೀರಿಗೆ ಹಾಕಿದರು. ಪ್ರತಿಯೊಂದೂ ಚುಂಯ್ ಎಂದು ಮುಳುಗಿತು. ಹಿತ್ತಲು ಬಿಳಿ ಹೊಗೆಯಿಂದ ತುಂಬಿತು. ಹಂದಿ ಹೋಯಿತು, ಹಾರ ಹೋಯಿತು, ಇಸವಿ ಹೋಯಿತು. ಹೊಸ ಚಕ್ರವರ್ತಿಗಳು ಮೊಸರಿನಲ್ಲಿ ಮುಖವಿಟ್ಟು ಮಲಗಿದವರಂತೆ ಕಂಡರು. ನಮ್ಮ ಚೆಂಬಿನಲ್ಲಿ ಇದ್ದುದು ಸಾಬರ ದುಡ್ಡು ಮಾತ್ರವಲ್ಲ, ಊರಿನ ಇನ್ನೆಷ್ಟೋ ಮನೆಯ ಪಾಪ. ಹಾಗಾಗಿ ಕೂಲಿ ಮೆಹರಿಗೆ ಬೇಕಾದುದಕ್ಕಿಂತ ಹೆಚ್ಚೇ ಆಯಿತು. ಚಿಕ್ಕಮ್ಮ ತಮ್ಮ ತವರುಮನೆಯಿಂದ ತಂದ ಪೆಟ್ಟಿಗೆ ತೆರೆದು ರಾಣಿ ರೂಪಾಯಿಗಳನ್ನೇ ಕೊಟ್ಟರು. ಸಾಬರು ತೆಗೆದುಕೊಳ್ಳುವ ಮೊದಲು ಎರಡು ಕೈಯನ್ನೂ ಬೂದಿ ಹಾಕಿ ತೊಳೆದುಕೊಂಡರು.

ಮೂರನೆಯ ದಿನ ಚಿಕ್ಕಪ್ಪನವರೂ ರಾಯರೂ ಹಳ್ಳಿಗಳಿಂದ ಇನ್ನೊಂದು ಸಣ್ಣ ಗಂಟು ಹೊತ್ತು ಬಂದರು. ಚೆಂಬನ್ನು ತಂದು ರಾಯರ ಮುಂದೆ ಸುರಿದರು. ರಾಯರು ಅಭ್ಯಾಸಬಲದಿಂದ ಒಂದನ್ನೆತ್ತಿ ನಾಲಿಗೆಗೆ ತಾಗಿಸಿ, ಮುಖ ಕಿವುಚಿ, ನಮ್ಮ ಗೋಡೆಗೆ ಉಗುಳಿದರು.

"ಇದು ಯಾವ ಟಂಕಸಾಲೇದು ಸ್ವಾಮಿ?"

ಚಿಕ್ಕಪ್ಪನವರು ಒಳಗೆ ಕೂಗಿದರು. ಚಿಕ್ಕಮ್ಮ ಬಾಗಿಲಿಗೆ ಬಂದು, ನೀವು ಮರೆತು ದೇವರ ಕೆಳಗೆ ಇಟ್ಟು ಹೋಗಿದ್ದಿರಿ, ಶುದ್ಧಿ ಮಾಡಿಸಿಟ್ಟಿದ್ದೇನೆ ಎಂದರು. ಆಗ ಅವರ ಮುಂದೆ ಎರಡು ದಾರಿ ಇದ್ದವು: ತಾನು ಇಷ್ಟು ದಿನ ಹೇಳಿದ್ದು ಸುಳ್ಳೆಂದು ಹೆಂಡತಿಗೆ ಹೇಳುವುದು, ಅಥವಾ ನುಂಗುವುದು. "ಒಳ್ಳೆ ಕೆಲ್ಸ ಮಾಡಿದ್ಯ ಬಿಡು" ಎಂದರು. ರಾಯರು ಸಣ್ಣ ಗಂಟನ್ನಷ್ಟೇ ಕೊಂಡು ಗಾಡಿ ಹತ್ತಿದರು.

ನನ್ನ ಹೇಸಿಗೆಗೆ ಅಲ್ಲಿಯಾದರೂ ಕೊನೆ ಸಿಗಬೇಕಿತ್ತು. ಆದರೆ ಸುದ್ದಿ ಊರಿಗೆ ಹಬ್ಬಿ, ಕೈಯಿಂದ ಖರ್ಚು ಮಾಡಿ ರೂಪಾಯಿಗೆಲ್ಲ ಶುದ್ಧಿ ಮಾಡಿಸಿದ ಪುಣ್ಯವಂತ ಎಂದು ಜನ ಚಿಕ್ಕಪ್ಪನವರಿಗೆ ಬೀದಿಯಲ್ಲಿ ನಿಂತು ಕೈಮುಗಿದರು. ಅವರು ಕೈಮುಗಿಸಿಕೊಂಡರು. ಸ್ವಲ್ಪ ದಿನಕ್ಕೆ ಅವರಿಗೂ ಅದು ನಿಜವೆನಿಸಿತು. ಸಾಯುವವರೆಗೂ ಹೇಳಿಕೊಂಡು ತಿರುಗಿದರು.

ಯುಗಾದಿಗೆ ಮೊದಲೇ ಖಜಾನೆಗೆ ಹುಕುಂ ಬಂತು: ಆ ಇಸವಿಯ ರೂಪಾಯಿ ತಂದವರಿಗೆ ಪೂರ್ತಿ ಬೆಲೆ ಕೊಡತಕ್ಕದ್ದು. ಚಿಕ್ಕಪ್ಪನವರು ಚೆಂಬು ಹೊರಿಸಿಕೊಂಡು ಹೋದರು. ನಾಣ್ಯ ಪರೀಕ್ಷಿಸುವ ಶರಾಫನು ಒಂದನ್ನು ಕಲ್ಲಿನ ಮೇಲೆ ಕುಟ್ಟಿ ನೋಡಿದ, ನಾದ ಬರಲಿಲ್ಲ. ಖೋಟಾ ನಾಣ್ಯವೆಂಬ ಅನುಮಾನದ ಮೇಲೆ ಅವರನ್ನು ಸಂಜೆಯವರೆಗೆ ಕಚೇರಿಯ ಜಗಲಿಯ ಮೇಲೆ ಪೊಲೀಸಿನವನ ಪಕ್ಕ ಕೂರಿಸಿ, ಅಮಲ್ದಾರರು ಬಂದು ಗುರುತು ಹಿಡಿದ ಮೇಲೆ ಬಿಟ್ಟರು. ರೂಪಾಯಿಗಳನ್ನು ಖಜಾನೆ ತೆಗೆದುಕೊಳ್ಳಲಿಲ್ಲ. ಅಕ್ಕಸಾಲಿಯೊಬ್ಬ ತವರ ಕಳೆದು, ಬೆಳ್ಳಿಯ ತೂಕಕ್ಕೆ, ಒಂದಕ್ಕೆ ಒಂಬತ್ತಾಣೆಯಂತೆ ಕೊಂಡ.

ದಸ್ತಗೀರನ ನಿಕಾ ಹಿರಿಯೂರಿನಲ್ಲಿ ಗೊತ್ತಾದ ಶುಕ್ರವಾರವೇ ನಡೆಯಿತು. ಮೆಹರನ್ನು ರಾಣಿ ರೂಪಾಯಿಗಳಲ್ಲಿ ಪೂರ್ತಿ ಕೊಟ್ಟರು: ಎಂಟರಲ್ಲಿ ಏಳು ಪಾಲು ಕರಿಯವು, ಒಂದು ಪಾಲು ಚಿಕ್ಕಮ್ಮನವು.